ಹದಿನೇಳನೇ ನಂಬರಿನ ಬಿಲ್ಲೆ

ಏಳನೆಯ ಕಂತು

ವರ್ತಕರ ಸಂಘದ ಆಫೀಸಿನ ಮೇಜಿನ ಮೇಲಿಟ್ಟಿದ್ದ ಒಂದು ಕೇಜಿಯ ತೂಕದ ಕಲ್ಲನ್ನು ಎತ್ತಿ ತಲೆಕೆಳಗು ಮಾಡಿದೆ. ಎದುರಿಗೆ ಕುಳಿತಿದ್ದ ಶಿವರಾಮ ನಕ್ಕ.

"ಅಡೀಲಿ ಏನ್ ಹುಡುಕ್ತಿದೀರಿ ಸಾರ್? ಮೇಲೂ ಕಬ್ಬಿಣ, ಕೆಳಗೂ ಕಬ್ಬಿಣ."

ಈ ಮಾತನ್ನು ಅವನು ಬೇರೆ ಯಾರ ಹತ್ತಿರವಾದರೂ ಹೇಳಬಹುದಿತ್ತು. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿ ಸವೆದು ನಿವೃತ್ತನಾದ ಈ ಏಕಾಂತಪ್ಪನ ಮುಂದೆ ಹೇಳಿದ. ಮೂವತ್ತರ ಹುಡುಗ, ತಿಳಿವಳಿಕೆ ಕಡಿಮೆ ಎಂದುಕೊಂಡೆ. ಕಡಿಮೆ ಇದ್ದದ್ದು ಯಾರಿಗೆ ಎಂಬುದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು.

ಇಲ್ಲಿಯವರೆಗಿನ ಕಥೆ ಇಷ್ಟೇ: ಸೊಪ್ಪು ಮಾರುವ ಪದ್ಮಮ್ಮನ ಹದಿನೇಳನೇ ನಂಬರಿನ ತಗಡಿನ ಬಿಲ್ಲೆ ಆಯುಧಪೂಜೆಯ ದಿನ ಕಾಣೆಯಾಗಿತ್ತು, ಈಗ ಅದು ಶಿವರಾಮನ ಕೈಯಿಂದ ವರ್ತಕರ ಸಂಘದ ಡ್ರಾಯರ್ ಸೇರಿತ್ತು.

ಬಿಲ್ಲೆ ಎಂದರೆ ಅಂಗೈಯಗಲದ ತಗಡು. ಶಿವಮೊಗ್ಗದ ಮಲವಗೊಪ್ಪದ ಈಚೆ ಸಂತೆ ಮೈದಾನವಿದ್ದ ಕಾಲದಲ್ಲಿ ಒಬ್ಬೊಬ್ಬ ವ್ಯಾಪಾರಿಗೂ ಒಂದೊಂದು ಕೊಟ್ಟಿದ್ದರು. ಈಗ ಆ ಮೈದಾನದ ಮೇಲೆ ಮೂರು ಅಂತಸ್ತಿನ ಸಂಗಮೇಶ್ವರ ಶಾಪಿಂಗ್ ಕಾಂಪ್ಲೆಕ್ಸ್ ಎದ್ದಿದೆ. ಮುಂದೆ ನೀಲಿ ಗಾಜು, ಒಳಗೆ ಕಾಲು ಜಾರುವ ಗ್ರಾನೈಟು, ಕೆಳಗೆ ಸ್ಕೂಟರು ನಿಲ್ಲಿಸುವ ಜಾಗ. ಸೊಪ್ಪು ಕೊಳ್ಳಲು ಬಂದವರಿಗೆ ಗಾಜು ಯಾಕೆ ಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಹಳೆಯ ವ್ಯಾಪಾರಿಗಳನ್ನು ಬೀದಿಗೆ ಹಾಕದೆ, ಬಿಲ್ಲೆ ತಂದವರಿಗೆ ಒಂದೊಂದು ಮಳಿಗೆ ಎಂದು ಸಂಘದವರು ಮಾತು ಕೊಟ್ಟರು. ಅದಕ್ಕೆ ನಾನು ಅವರಿಗೆ ಕೈ ಮುಗಿಯುತ್ತೇನೆ. ಹದಿನೇಳಕ್ಕೆ ಬಂದಿದ್ದು ನೆಲ ಅಂತಸ್ತಿನ ಮೂಲೆ ಮಳಿಗೆ. ಬಸ್ ಇಳಿದವರ ಕಣ್ಣು ಮೊದಲು ಬೀಳುವುದೇ ಅಲ್ಲಿ.

ಹಂಚಿಕೆ ನಾಳೆ ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ. ಅಷ್ಟರೊಳಗೆ ಬಿಲ್ಲೆ ಸಿಗದಿದ್ದರೆ ಪದ್ಮಮ್ಮ ರಸ್ತೆಯಂಚಿನಲ್ಲಿ ಛತ್ರಿಯ ಕೆಳಗೇ ಉಳಿಯಬೇಕು.

"ಇದು ನಿಮ್ಮಪ್ಪ ಬಳಸ್ತಿದ್ದ ಕಲ್ಲಾ?" ಎಂದು ಕೇಳಿದೆ.

"ಹೂಂ ಸಾರ್. ಹದಿನೇಳನೇ ಜಾಗದಲ್ಲಿ ಮೊದಲು ಕೂರ್ತಿದ್ದಿದ್ದೇ ನಮ್ಮಪ್ಪ. ತೊಂಬತ್ತೈದರ ತನಕ ವ್ಯಾಪಾರ ಮಾಡಿದ್ರು. ಆಮೇಲೆ ಪದ್ಮಮ್ಮಂಗೆ ಬಿಟ್ಕೊಟ್ಟಿದ್ದು. ಬಿಲ್ಲೆ ನಮ್ಮದೇ."

ಸಂಘದ ಕಾರ್ಯದರ್ಶಿ ರುದ್ರೇಶ್ ನನ್ನ ಮುಖ ನೋಡಿದ. ಸ್ಟೀಲ್ ಪಾತ್ರೆ ಅಂಗಡಿಯವನು, ಒಳ್ಳೆಯವನು, ಯಾರ ಮನಸ್ಸನ್ನೂ ನೋಯಿಸಬಾರದು ಎಂದು ಎಲ್ಲರನ್ನೂ ಕಾಯಿಸುವವನು.

ನಾನು ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತೂಕದ ಕಲ್ಲಿನ ಅಡಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ಅದರ ತುಂಬ ಸೀಸ. ಪರೀಕ್ಷೆ ಮಾಡಿದ ಇನ್ಸ್‌ಪೆಕ್ಟರು ಆ ಸೀಸದ ಮೇಲೆ ವರ್ಷವನ್ನೂ ತನ್ನ ನಂಬರನ್ನೂ ಅಚ್ಚೊತ್ತುತ್ತಾನೆ. ಕೊಳ್ಳುವವರು ಯಾರೂ ಅದನ್ನು ನೋಡುವುದಿಲ್ಲ, ಮಾರುವವರೂ ಮರೆಯುತ್ತಾರೆ.

ಕನ್ನಡಕವನ್ನು ಹಣೆಗೇರಿಸಿ ಓದಿದೆ. ಎಂಬತ್ತೊಂಬತ್ತು. ಅದರ ಪಕ್ಕ ಹದಿನಾಲ್ಕು. ಹದಿನಾಲ್ಕು ನನ್ನ ನಂಬರು.

"ರುದ್ರೇಶ್, ಎರಡು ವರ್ಷಕ್ಕೊಂದು ಸಲ ಈ ಮುದ್ರೆ ಹಾಕಿಸ್ಲೇಬೇಕು. ತೊಂಬತ್ತೈದರ ತನಕ ವ್ಯಾಪಾರ ನಡೆದಿದ್ರೆ ತೊಂಬತ್ತೊಂದು, ತೊಂಬತ್ಮೂರು ಎರಡೂ ಇರ್ಬೇಕಿತ್ತು. ಇಲ್ಲಿ ಎಂಬತ್ತೊಂಬತ್ತೇ ಕೊನೆ. ಪಕ್ಕದ ಹದಿನಾಲ್ಕು ನನ್ನ ನಂಬರು, ಆ ವರ್ಷ ನಾನು ಶಿವಮೊಗ್ಗದಲ್ಲೇ ಇರ್ಲಿಲ್ಲ ಮಾರಾಯ, ಭದ್ರಾವತೀಲಿದ್ದೆ. ಇದು ಅಲ್ಲಿನ ಕಾಗದನಗರದ ಮಾರ್ಕೆಟ್ಟಿನ ಕಲ್ಲು. ಈ ಸಂತೆ ಮೈದಾನ ಕಂಡೇ ಇಲ್ಲ."

ಸುಳ್ಳು ಸಿಕ್ಕಿಬಿದ್ದ ಮನುಷ್ಯ ಬೆವರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಶಿವರಾಮ ಬೆವರಲಿಲ್ಲ. ಕುರ್ಚಿಯಲ್ಲಿ ಆರಾಮಾಗಿ ಒರಗಿಕೊಂಡ.

"ನಿಮ್ಮ ಅಚ್ಚನ್ನ ನಿಮಗೇ ತೋರಿಸ್ಬೇಕಿತ್ತು ಸಾರ್. ಅದಕ್ಕೇ ಹೊತ್ಕೊಂಡು ಬಂದೆ."

"ಯಾರು ನಿಮ್ಮಪ್ಪ?"

"ಕಾಗದನಗರ ಮಾರ್ಕೆಟ್ಟಲ್ಲಿ ಕಿರಾಣಿ ಅಂಗಡಿ ಭೂತಪ್ಪ. ನೆನಪಿದೆಯಾ?"

ನೆನಪಿಲ್ಲದೆ ಏನು. ನನ್ನ ಮೇಲೆ ಅರ್ಜಿ ಬರೆದ ಒಬ್ಬನೇ ಒಬ್ಬ ವ್ಯಾಪಾರಿ ಆತ. ಕೋಪ ಬಂತು, ಹದಿನಾಲ್ಕು ವರ್ಷದ ಹಿಂದಿನ ಕೋಪ.

"ಅಪ್ಪನ ಸುಳ್ಳು ಸಾಲದು ಅಂತ ನೀನೂ ಶುರು ಮಾಡಿದ್ಯಾ?"

"ಸುಳ್ಳು ಯಾರದ್ದು ಅಂತ ಆಮೇಲೆ ನೋಡೋಣ ಸಾರ್. ಈಗ ಬಿಲ್ಲೆ ಮಾತಾಡಿ. ನಾನು ಕದ್ದಿದೀನಿ ಅಂತ ಪದ್ಮಮ್ಮ ನನ್ನೆದುರಿಗೆ ನಿಂತು ಒಂದು ಮಾತು ಹೇಳ್ಲಿ. ಬಿಲ್ಲೆ ಇಲ್ಲೇ ಬಿಟ್ಟು ಎದ್ದು ಹೋಗ್ತೀನಿ."

ರುದ್ರೇಶ್ ಗಂಟಲು ಸರಿಮಾಡಿಕೊಂಡ. "ಅದು ಸರಿ ಸಾರ್. ಕಲ್ಲು ಸುಳ್ಳಾದ್ರೂ ನಮ್ಮ ನಿಯಮ ಇರೋದು ಬಿಲ್ಲೆಗೆ. ಕದ್ದದ್ದು ಅಂತ ಬಿಲ್ಲೆ ಕಳ್ಕೊಂಡೋರೇ ಬಂದು ಹೇಳ್ಬೇಕು. ಸ್ಟೇಷನ್ನಲ್ಲಿ ಕಂಪ್ಲೇಂಟ್ ಕೊಟ್ಟಿರೋದು ನೀವು. ಆ ಯಮ್ಮ ಇಷ್ಟು ದಿನ ಆದ್ರೂ ಬಾಯೇ ಬಿಟ್ಟಿಲ್ಲ."

ಅದು ನಿಜ. ಆಕೆಯ ಮರದ ಪೆಟ್ಟಿಗೆಗೆ ಮೊಳೆ ಹೊಡೆದು ಕೂರಿಸಿದ್ದ ಬಿಲ್ಲೆ ಇಲ್ಲದ್ದನ್ನು ಮೊದಲು ನೋಡಿದವನು ನಾನು. "ಹಬ್ಬದ ದಿನ ಇತ್ತು, ಆಮೇಲೆ ಕಾಣ್ಲಿಲ್ಲ, ಹೋಗ್ಲಿ ಬಿಡಿ ಸಾಹೇಬ್ರೆ" ಎಂದಿದ್ದಳು ಪದ್ಮಮ್ಮ. ಹೋಗಲಿ ಬಿಡುವುದು ನನ್ನಿಂದಾಗದೆ ನಾನೇ ಸ್ಟೇಷನ್ನಿಗೆ ನಡೆದಿದ್ದೆ. ಆಕೆಗೆ ಹೆದರಿಕೆ ಎಂದುಕೊಂಡಿದ್ದೆ.

"ಬಿಲ್ಲೆ ಕೊಡು, ನೋಡೋಣ" ಎಂದೆ.

ರುದ್ರೇಶ್ ಡ್ರಾಯರಿನ ಬೀಗ ತೆಗೆದು ಬಿಲ್ಲೆಯನ್ನು ನನ್ನ ಮುಂದಿಟ್ಟ. ಹಸಿರು ಬಣ್ಣ, ಉಬ್ಬಿದ ಅಂಕಿ, ನಾಲ್ಕು ಮೂಲೆಗೆ ನಾಲ್ಕು ಮೊಳೆಯ ತೂತು. ತೂತುಗಳನ್ನು ನೋಡಿದೆ. ಕಳ್ಳ ಮೀಟಿ ಕಿತ್ತಿದ್ದರೆ ತಗಡಿನ ಅಂಚು ಬಾಗಬೇಕಿತ್ತು. ಬಾಗಿರಲಿಲ್ಲ. ಯಾರೋ ತಾಳ್ಮೆಯಿಂದ ಒಂದೊಂದೇ ಮೊಳೆ ತೆಗೆದಿದ್ದರು.

ಆಮೇಲೆ ಆ ಬಿಳಿ ಕಂಡಿತು.

ಒರೆಸಿದ್ದರು. ಆದರೂ ಅಂಕಿಯ ಉಬ್ಬಿನ ಸುತ್ತ, ಬಟ್ಟೆ ತಾಗದ ಸಂದಿಯಲ್ಲಿ ಬಿಳಿ ಮಣ್ಣು ಉಳಿದಿತ್ತು. ಬಿಲ್ಲೆಯನ್ನು ಓರೆಯಾಗಿ ಹಿಡಿದರೆ ಆ ಚೂರುಗಳೆಲ್ಲ ಸೇರಿ ಒಂದು ದುಂಡನೆಯ ಗುರುತು. ಬೆರಳಿಗೆ ತಗುಲಿದ ಪುಡಿಯನ್ನು ಉಜ್ಜಿ ನೋಡಿದೆ. ಜೇಡಿ.

ಶಿವಮೊಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೊರಗಿನ ಓದುಗರಿಗೆ ಹೇಳುತ್ತೇನೆ. ದೀಪಾವಳಿಯಲ್ಲಿ ಹಳ್ಳಿಯ ಮನೆಗಳವರು ಜೇಡಿ ಎನ್ನುವ ಬಿಳಿ ಮಣ್ಣನ್ನು ನೀರಲ್ಲಿ ಕಲಸುತ್ತಾರೆ. ಪಾವಿನ ಬಾಯನ್ನು ಅದರಲ್ಲಿ ಅದ್ದಿ ದನದ ಮೈಮೇಲೆ, ನೊಗದ ಮೇಲೆ, ಬಾಗಿಲ ಮೇಲೆ ದುಂಡಗೆ ಒತ್ತುತ್ತಾರೆ. ಅನ್ನ ಕೊಟ್ಟ ವಸ್ತುವಿಗೆಲ್ಲ ಆ ಗುರುತು ಬೀಳಬೇಕು. ವರ್ಷವಿಡೀ ದುಡಿದದ್ದಕ್ಕೆ ಮನುಷ್ಯ ಹೇಳುವ ಕೃತಜ್ಞತೆ ಅದು. ಅಂಥ ಹಬ್ಬ ಮಾಡುವ ಜನರ ನಡುವೆ ಹುಟ್ಟಿದ್ದಕ್ಕೆ ನನಗೆ ಸಂತೋಷವಿದೆ.

"ಈ ಹಸಿರು ಬಣ್ಣ ಹೊಡೆಸಿದ್ದು ಯಾವಾಗ ರುದ್ರೇಶ್?"

"ಈ ವರ್ಷ ಶ್ರಾವಣದಲ್ಲಿ ಸಾರ್. ಹಂಚಿಕೆಗೆ ಅಂತ ಎಲ್ಲಾ ಬಿಲ್ಲೆಗೂ ಒಟ್ಟಿಗೇ ಹೊಡೆಸಿದ್ವಿ."

ಜೇಡಿ ಬಣ್ಣದ ಮೇಲಿತ್ತು. ಅಂದರೆ ಈ ದೀಪಾವಳಿಯದು. ಕಳುವಾಗಿ ಮೂರು ವಾರವಾದ ಮೇಲೆ ಯಾರೋ ಈ ಬಿಲ್ಲೆಯನ್ನು ಪೂಜೆಗಿಟ್ಟಿದ್ದರು. ಕದ್ದ ಮಾಲನ್ನು ಪೂಜೆಗಿಡುವ ಕಳ್ಳನನ್ನು ನಾನು ಕಂಡಿಲ್ಲ.

ಜೇಬಿನಿಂದ ಅಡಿಪಟ್ಟಿ ತೆಗೆದು ದುಂಡಿನ ಅಗಲ ಅಳೆದೆ. ಪಾವಿನದೇ ಬಾಯಿ. ಆದರೆ ಸುತ್ತು ಪೂರ್ತಿಯಾಗಿರಲಿಲ್ಲ. ಏಳರ ಅಂಕಿಯ ಮೇಲೆ ಕಾಳಿನಷ್ಟು ಜಾಗದಲ್ಲಿ ಜೇಡಿ ಬಿದ್ದೇ ಇರಲಿಲ್ಲ. ಅಳಿಸಿ ಹೋದದ್ದಲ್ಲ. ಎರಡೂ ಕಡೆ ಅಂಚು ಚೂಪಾಗಿ ನಿಂತಿತ್ತು. ಪಾವಿನ ಬಾಯಲ್ಲೇ ಅಲ್ಲೊಂದು ಕಚ್ಚು ಇತ್ತು.

ಆ ಕಚ್ಚು ಹಾಕಿದವನು ನಾನೇ.

"ಏನಾಯ್ತು ಸಾರ್?" ಎಂದ ರುದ್ರೇಶ್.

"ಏನಿಲ್ಲ" ಎಂದು ಬಿಲ್ಲೆಯನ್ನು ಅವನ ಕಡೆ ತಳ್ಳಿ ಎದ್ದೆ. ಶಿವರಾಮ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಈಗ ನಗು ಇರಲಿಲ್ಲ. ಬದಲಿಗೆ ಕನಿಕರದಂಥ ಏನೋ ಇತ್ತು, ಅದು ನನಗೆ ನಗುವಿಗಿಂತ ಹೆಚ್ಚು ಸಿಟ್ಟು ತರಿಸಿತು.

ಮೆಟ್ಟಿಲಿಳಿಯುವಾಗ ಎಂಬತ್ತೆಂಟನೇ ಇಸವಿ ಕಣ್ಣ ಮುಂದೆ ಬಂತು. ಆಗ ಪದ್ಮಮ್ಮ ಕಾಗದನಗರದ ಮಾರ್ಕೆಟ್ಟಿನ ಗೇಟಿನಲ್ಲಿ ಅವರೆಕಾಳೂ ಸೊಪ್ಪೂ ಮಾರುತ್ತಿದ್ದಳು. ಕಾಳನ್ನು ಹಿತ್ತಾಳೆಯ ಪಾವಿನಲ್ಲಿ ಅಳೆದು ಕೊಡುತ್ತಿದ್ದಳು, ಕೇಜಿ ಬಂದ ಮೇಲೆ ಅದು ಕಾನೂನಿಗೆ ವಿರುದ್ಧ. ನಾನು ಪಾವನ್ನು ವಶಪಡಿಸಿಕೊಂಡೆ. "ಅತ್ತೆ ಕೊಟ್ಟಿದ್ದು ಸಾಹೇಬ್ರೆ, ಗಾಜನೂರಿಂದ ಬರೋವಾಗ ಇದೊಂದೇ ತಂದಿದ್ದು" ಎಂದು ಅತ್ತಳು. ಜಜ್ಜಿ ಹಾಕಬೇಕಾದ ವಸ್ತುವಿನ ಬಾಯಿಗೆ ಅರದಿಂದ ಒಂದು ಕಚ್ಚು ಹಾಕಿ, ಇನ್ನು ಇದರಲ್ಲಿ ಅಳೆಯಬೇಡ, ಪೂಜೆಗೆ ಇಟ್ಟುಕೋ ಎಂದು ವಾಪಸು ಕೊಟ್ಟೆ. ನನ್ನ ಸರ್ವಿಸಿನಲ್ಲಿ ಹಾಗೆ ಬಿಟ್ಟುಕೊಟ್ಟದ್ದು ಅದೊಂದೇ ಪಾವು.

ಮರುವರ್ಷ ಭೂತಪ್ಪನ ತಕ್ಕಡಿಯಲ್ಲಿ ಮೋಸ ಹಿಡಿದೆ. ಆತ ನನ್ನ ಮೇಲೆ ಅರ್ಜಿ ಹಾಕಿದ: ಇನ್ಸ್‌ಪೆಕ್ಟರ ಮನೆಗೆ ಲಂಚವಾಗಿ ಸಾಮಾನು ಕಳಿಸಿದ್ದೇನೆ, ತೆಗೆದುಕೊಂಡ ಮೇಲೂ ನನ್ನನ್ನು ಹಿಡಿದಿದ್ದಾರೆ ಎಂದು. ಆರು ತಿಂಗಳು ಸಸ್ಪೆಂಡ್ ಆದೆ. ಮಾರ್ಕೆಟ್ಟಿನವರೆಲ್ಲ ಬಾಯಿ ಮುಚ್ಚಿಕೊಂಡರು. ವಿಚಾರಣೆಯ ದಿನ, ಅವನಿಂದ ಏನೂ ಬಂದಿಲ್ಲ ಎಂದು ನಾನು ಕೊರಳ ಲಿಂಗ ಮುಟ್ಟಿ ಆಣೆ ಮಾಡಿದ ಮೇಲೆ, ಯಾರೂ ಕರೆಯದೆ ಪದ್ಮಮ್ಮ ಬಸ್ಸು ಹತ್ತಿ ಶಿವಮೊಗ್ಗದ ಆಫೀಸಿಗೆ ಬಂದಳು. "ಈ ಮನುಷ್ಯ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಪುಕ್ಕಟೆ ಮುಟ್ಟಿದವರಲ್ಲ" ಎಂದು ಮೇಲಧಿಕಾರಿಯ ಎದುರಿಗೆ ಹೇಳಿದಳು. ಅಷ್ಟು ಹೇಳಿ ಸೊಪ್ಪು ಬಾಡುತ್ತದೆ ಎಂದು ಮುಂದಿನ ಬಸ್ಸಿಗೇ ಹೊರಟುಹೋದಳು. ನನಗೆ ಕೆಲಸ ವಾಪಸು ಬಂತು. ಭೂತಪ್ಪನ ಅಂಗಡಿ ಮುಚ್ಚಿತು.

ಇವತ್ತು ಜನ ನನಗೆ ನಮಸ್ಕಾರ ಹೇಳಿದರೆ ಅದು ಆಕೆಯಿಂದ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅದಕ್ಕೇ ಬಿಲ್ಲೆ ಹುಡುಕಲು ಹೊರಟಿದ್ದೆ. ಹುಡುಕಿದ್ದು ಆಕೆಯ ಮನೆ ಬಾಗಿಲಿಗೇ ಬಂದು ನಿಂತಿತ್ತು.

ರಸ್ತೆಯ ಆಚೆ, ಕಾಂಪ್ಲೆಕ್ಸಿನ ಎದುರಿಗೆ, ಕಪ್ಪು ಛತ್ರಿಯ ಕೆಳಗೆ ಪದ್ಮಮ್ಮ ಸಬ್ಬಸಿಗೆ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ನನ್ನನ್ನು ಕಂಡು ಪೆಟ್ಟಿಗೆಯ ಮೇಲಿನ ಗೋಣಿ ಸರಿಸಿ ಜಾಗ ಮಾಡಿದಳು.

"ಕೂತ್ಕೊಳ್ಳಿ ಸಾಹೇಬ್ರೆ. ಬಿಸಿಲಲ್ಲಿ ಯಾಕೆ ಓಡಾಡ್ತೀರಿ, ಬಿಪಿ ಬೇರೆ ಇದೆ ನಿಮಗೆ."

"ಪದ್ಮಮ್ಮ, ದೀಪಾವಳಿಗೆ ಜೇಡಿ ಕಲಸಿದ್ಯಾ ಈ ಸಲ?"

"ಕಲಸ್ದೆ ಇರ್ತೀನಾ. ಬುಟ್ಟಿ, ತಕ್ಕಡಿ, ಪೆಟ್ಟಿಗೆ ಎಲ್ಲಕ್ಕೂ ಒತ್ತಿದೀನಿ. ನೋಡಿ ಬೇಕಾದ್ರೆ."

"ಬಿಲ್ಲೆಗೂ ಒತ್ತಿದ್ಯಲ್ಲ."

ನೀರು ಚಿಮುಕಿಸುತ್ತಿದ್ದ ಕೈ ನಿಂತಿತು. ಆಕೆ ಸುಳ್ಳು ಹೇಳಬಹುದು ಎಂದು ಕಾದೆ. ಹೇಳಲಿಲ್ಲ. ಚೊಂಬನ್ನು ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

"ಒರೆಸಿ ಕೊಟ್ಟಿದ್ನಲ್ಲ ಸಾಹೇಬ್ರೆ."

"ಪಾವಿನ ಕಚ್ಚು ನನಗೆ ಗೊತ್ತಾಗಲ್ವಾ? ಬಿಲ್ಲೆ ಕಳ್ಳತನ ಆಗೇ ಇಲ್ಲ. ನೀನೇ ಮೊಳೆ ತೆಗೆದೆ, ನೀನೇ ಶಿವರಾಮಂಗೆ ಕೊಟ್ಟೆ. ಯಾಕೆ? ಹೆದರಿಸಿದ್ನಾ ಅವನು?"

"ನನ್ನ ಹೆದರಿಸೋಕೆ ಅವನಿಂದಾಗತ್ತಾ. ಚಿಕ್ಕಂದಿನಲ್ಲಿ ಅವನಿಗೆ ಅವರೆಕಾಯಿ ಬೇಯಿಸಿ ಕೊಟ್ಟೋಳು ನಾನು."

"ಮತ್ತೆ?"

"ಆಯುಧಪೂಜೆ ದಿನಾನೇ ಕೊಡ್ಬೇಕಿತ್ತು. ಹದಿಮೂರು ವರ್ಷ ಅನ್ನ ಹಾಕಿದ್ದು, ಲಕ್ಷ್ಮೀಪೂಜೆ ಒಂದು ಮುಗೀಲಿ, ಒಂದು ಗುರುತು ಒತ್ತಿ ಕಳಿಸ್ತೀನಿ ಅಂತ ಬಿಚ್ಚಿ ಮನೇಲಿಟ್ಕೊಂಡೆ. ಅಷ್ಟರಲ್ಲಿ ನೀವು ಕಂಪ್ಲೇಂಟ್ ಕೊಟ್ಟುಬಿಟ್ರಿ. ಬೇಡ ಅಂದೆ, ಕೇಳಿದ್ರಾ?"

"ಮಳಿಗೆ ಹೋಗತ್ತಲ್ಲೇ, ಮಾರಾಯ್ತಿ. ಇನ್ನು ಮುಂದೂ ಈ ರಸ್ತೇಲೇ ಕೂರ್ಬೇಕು. ಯಾರಿಗೋಸ್ಕರ ಕೊಟ್ಟೆ?"

ಒಬ್ಬ ಹೆಂಗಸು ಬಂದು ಮೆಂತ್ಯದ ಕಟ್ಟಿಗೆ ಚೌಕಾಸಿ ಮಾಡಿದಳು. ಪದ್ಮಮ್ಮ ಒಂದು ಕಟ್ಟು ಹೆಚ್ಚಿಗೆ ಹಾಕಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗದೆ ಸೊಪ್ಪು ಜೋಡಿಸುತ್ತಲೇ ಹೇಳಿದಳು.

"ನನ್ನ ಪಾವು ಉಳಿಸಿಕೊಟ್ರಿ. ಇಲ್ಲಿಗೆ ಬಂದಾಗ ಮಂಡಿಯೋರು ತೂಕದಲ್ಲಿ ನನಗೆ ಮಾಡ್ತಿದ್ದ ಮೋಸಾನ ಬೆಳಗಿನ ಐದು ಗಂಟೆಗೆ ಬಂದು ಹಿಡಿದ್ರಿ. ನಾನು ಅದನ್ನ ಮರೀತೀನಾ? ಕೇಳ್ಕೊಂಡು ಬಂದಿದ್ದು ಶಿವರಾಮ ಅಲ್ಲ ಸಾಹೇಬ್ರೆ. ನಿಮ್ಮನೆ ಜಗದಾಂಬಮ್ನೋರು. ಇನ್ನು ನನ್ನ ಏನೂ ಕೇಳ್ಬೇಡಿ."

ಜಗದಾಂಬಾ ನನ್ನ ಹೆಂಡತಿ.

ಮನೆಗೆ ಹತ್ತು ನಿಮಿಷದ ದಾರಿ. ಹೊಸ ಬಡಾವಣೆಯ ನೆಟ್ಟನೆ ರಸ್ತೆಗಳಲ್ಲಿ ಎರಡು ಸಲ ತಿರುವು ತಪ್ಪಿದೆ. ಪದ್ಮಮ್ಮ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಳ್ಳಲು ನೋಡಿದೆ. ಆಕೆಗೆ ಸುಳ್ಳು ಬರುವುದಿಲ್ಲ ಎಂಬುದೇ ಅಲ್ಲವೇ ನನ್ನ ಇಡೀ ಮರ್ಯಾದೆಗೆ ಆಧಾರ.

ಜಗದಾಂಬಾ ನಡುಮನೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕುಳಿತಿದ್ದಳು. ಮೆಷಿನ್ನಿನಲ್ಲಿ ಬಟ್ಟೆ ಇರಲಿಲ್ಲ. ನನ್ನ ಮುಖ ನೋಡಿದ ಕೂಡಲೇ ಕೇಳಿದಳು.

"ಪದ್ಮಮ್ಮ ಹೇಳಿದ್ಲಾ?"

"ನಿನ್ನ ಹೆಸರು ಹೇಳಿದ್ಲು. ಯಾಕೆ ಅಂತ ಹೇಳ್ಲಿಲ್ಲ."

"ಅವಳು ಹೇಳಲ್ಲ. ನಾನೇ ಹೇಳ್ಬೇಕು. ಕೂತ್ಕೊಳ್ರೀ."

ನಾನು ಕೂರಲಿಲ್ಲ. ಅವಳು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟಳು.

"ಇದನ್ನ ನನ್ನ ತಮ್ಮ ಕೊಡಿಸಿದ್ದು ಅಂತ ನಿಮಗೆ ಹೇಳಿದ್ದೆನಲ್ಲ, ಅದು ಸುಳ್ಳು. ನೀವು ಸರ್ಕೀಟು ಹೋದಾಗ ಭೂತಪ್ಪ ಗಾಡೀಲಿ ತಂದು ಕ್ವಾರ್ಟರ್ಸ್ ಬಾಗಿಲಲ್ಲಿ ಇಳಿಸಿದ್ರು. ಬೇಡ ಅನ್ಬೇಕಿತ್ತು. ಆಸೆ ಆಯ್ತು, ಇಟ್ಕೊಂಡೆ. ಅವರನ್ನ ಹಿಡೀತೀರಿ ಅಂತ ನನಗೇನು ಗೊತ್ತು. ಅರ್ಜಿ ಹಾಕಿದ್ಮೇಲೆ ಬಾಯಿ ಬಿಡೋಕೆ ಧೈರ್ಯ ಸಾಲದೆ ಹೋಯ್ತು."

ಸಸ್ಪೆಂಡ್ ಆದ ಆರು ತಿಂಗಳು ಸಂಬಳ ಅರ್ಧವಾಗಿತ್ತು. ಈ ಮೆಷಿನ್ನಿನಲ್ಲಿ ರವಿಕೆ ಹೊಲಿದೇ ಜಗದಾಂಬಾ ಸಂಸಾರ ತೂಗಿಸಿದಳು. ಅವಳ ಕಾಲು ನೋಯುವುದನ್ನು ನೋಡಿ ರಾತ್ರಿ ನಾನೇ ಎಣ್ಣೆ ತಿಕ್ಕಿದ್ದೆ, ಇಂಥ ಹೆಂಡತಿ ಸಿಕ್ಕಿದ್ದಕ್ಕೆ ಶಿವನಿಗೆ ಕೈ ಮುಗಿದಿದ್ದೆ. ಆ ಅನ್ನ ಭೂತಪ್ಪನದು. ಅವನ ಅಂಗಡಿ ಮುಚ್ಚಿಸಿ ಅವನ ಅನ್ನ ಉಂಡಿದ್ದೆ.

"ವಿಚಾರಣೆ ಹೊತ್ತಿಗೆ ಅವರಿಗೆ ಸಿಗದೆ ಹೋದ ಮೆಷಿನ್ ಬಿಲ್ಲು ಈಗ ಶಿವರಾಮನ ಹತ್ರ ಇದೆ" ಎಂದಳು. "ಅದ್ರಲ್ಲಿರೋ ನಂಬರೂ ಈ ಮೆಷಿನ್ ನಂಬರೂ ಒಂದೇ. ಸಂಘದ ಬೋರ್ಡಿಗೆ ಅಂಟಿಸ್ತೀನಿ ಅಂದ. ಸಾಕ್ಷಿ ಹೇಳಿದೋಳ ಬಿಲ್ಲೆ ತಂದುಕೊಟ್ರೆ ಸುಮ್ನಿರ್ತೀನಿ ಅಂದ. ಪದ್ಮಮ್ಮನ ಕಾಲು ಹಿಡಿಯೋಕೆ ಹೋದೆ. ಹಿಡಿಸ್ಕೊಳ್ಲಿಲ್ಲ, ಕಾಫಿ ಮಾಡ್ಕೊಟ್ಲು. ಸಾಹೇಬ್ರ ಹೆಸರು ಉಳೀಲಿ ಅಂದ್ಲು."

"ನಾಳೆ ಹನ್ನೊಂದಕ್ಕೆ ಹೋಗಿ ಎಲ್ಲಾ ಹೇಳ್ತೀನಿ" ಎಂದೆ. ಧ್ವನಿ ನನ್ನದೆಂದು ನನಗೇ ಅನಿಸಲಿಲ್ಲ. "ಅವಳ ಮಳಿಗೆ ಅವಳಿಗೆ ಸಿಗ್ಲಿ. ನನ್ನ ಹೆಸರು ಏನಾದ್ರೂ ಆಗ್ಲಿ."

"ಹೇಳಿದ್ರೂ ಸಿಗಲ್ಲ ರೀ. ಅವಳೇ ಒಪ್ಪಿ ಕೊಟ್ಟಿದ್ದು, ಕದ್ದದ್ದಲ್ಲವಲ್ಲ. ಇನ್ನು ಬಿಲ್ಲೆ ವಾಪಸ್ ಕೊಡೋದು ಬಿಡೋದು ಶಿವರಾಮನ ಕಡೆಯೋರ ಇಷ್ಟ." ಜಗದಾಂಬಾ ಕಣ್ಣೊರೆಸಿಕೊಂಡಳು. "ಈಗ ತಾನೇ ಫೋನ್ ಬಂದಿತ್ತು. ಶಿವರಾಮಂದಲ್ಲ. ಭೂತಪ್ಪಂದು."

"ಬದುಕಿದಾನಾ?"

"ನಾಳೆ ಬರ್ತಾರಂತೆ. ಮಳಿಗೆ ಬೇಡ್ವಂತೆ ಅವರಿಗೆ, ಬಿಲ್ಲೆ ಪದ್ಮಮ್ಮನ ಕೈಗೇ ಕೊಡ್ತಾರಂತೆ. ಒಂದೇ ಒಂದು ಕೇಳಿದ್ರು. ಮೆಷಿನ್ ಭೂತಪ್ಪ ಕೊಟ್ಟಿದ್ದಲ್ಲ ಅಂತ ವಿಚಾರಣೇಲಿ ನೀವು ಕೊರಳ ಲಿಂಗ ಮುಟ್ಟಿ ಆಣೆ ಮಾಡಿದ್ರಲ್ಲ. ಅದೇ ಆಣೇನ ನಾಳೆ ಎಲ್ಲರ ಮುಂದೆ, ಅವರ ಮುಖ ನೋಡ್ಕೊಂಡು, ಇನ್ನೊಂದು ಸಲ ಮಾಡ್ಬೇಕಂತೆ."